ಬಸ್ಸು ಹತ್ತಿದ ಮೂಲಂಗಿ

"ಇನ್ನೊಂದೇ ಒಂದು ಮೂಲಂಗಿ ಈ ಹೊಸ್ತಿಲು ದಾಟಿ ಒಳಗೆ ಬರಲಿ, ಆಮೇಲೆ ನೋಡು!"

ಅಣ್ಣ ಗಲ್ಲಾದ ಮೇಜು ಗುದ್ದಿದ ರಭಸಕ್ಕೆ ಹಲ್ಲುಕಡ್ಡಿಯ ಡಬ್ಬಿ ಮಗುಚಿ, ಕಡ್ಡಿಗಳೆಲ್ಲ ನೆಲದ ಪಾಲಾದವು.

"ಏನು ನೋಡೋದು? ನೀನು ಮೇಜು ಗುದ್ದೋದನ್ನಾ? ನೋಡಿ ನೋಡಿ ನನಗೂ ಸಾಕಾಗಿದೆ, ಮೇಜಿಗೂ ಸಾಕಾಗಿದೆ" ಎಂದೆ ನಾನು.

"ಗಿರಾಕಿಗಳು ಎದ್ದು ಹೋಗ್ತಿದಾರೆ ಕಣೇ! ಬೆಳಗ್ಗೆ ಮೂಲಂಗಿ, ಮಧ್ಯಾಹ್ನ ಮೂಲಂಗಿ. ನಿಮ್ಮಲ್ಲಿ ಉಂಡು ಬಸ್ ಹತ್ತಿದ್ರೆ ಪ್ರಯಾಣಿಕರೆಲ್ಲ ಕಿಟಕಿ ತೆಗೀರಿ ಅಂತ ಕೂಗ್ತಾರೆ ಅಂತ ಒಬ್ಬ ಕಂಡಕ್ಟರ್ ನನ್ನ ಮುಖಕ್ಕೇ ಹೇಳಿದ."

"ಕಿಟಕಿ ತೆಗೆದ್ರೆ ಒಳ್ಳೆ ಗಾಳಿ ಬರುತ್ತೆ."

"ನಿನಗೆ ಎಲ್ಲಾ ತಮಾಷೆ."

"ತಮಾಷೆ ಅಲ್ಲ, ಮಾತು. ನೀನು ಕೊಟ್ಟ ಮಾತು. ಡಿಪೋ ಮಹಡಿ ಮೇಲೆ ನಿಂತ್ಕೊಂಡು, ಕಣ್ಣಲ್ಲಿ ನೀರು ಹಾಕ್ಕೊಂಡು, ಹೊಳೆದಂಡೆಯವರು ಏನು ಬೆಳೆದರೂ ಮೊದಲು ನಾವೇ ಕೊಳ್ತೀವಿ ಅಂದೋನು ಯಾರು? ನಾನಾ?"

"ಅಂದೆ. ಏನು ಬೆಳೆದರೂ ಅಂದೆ. ಊರಿಗೂರೇ ಒಂದನ್ನೇ ಬೆಳೆಯುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಮಾತಿನಲ್ಲಿ ಸೋತಾಗ ನನಗೆ ಸಿಟ್ಟು ಇನ್ನೂ ಜಾಸ್ತಿ. ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡುತ್ತಾ ಜೋಡಿಸಿದೆ. ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀರಿನ ತೊಟ್ಟಿಯ ಪಕ್ಕ ಮೂಲಂಗಿ, ಹಿಟ್ಟಿನ ಡಬ್ಬದ ಮೇಲೆ ಮೂಲಂಗಿ, ಅಪ್ಪ ಕೂರುತ್ತಿದ್ದ ಕುರ್ಚಿಯಲ್ಲೂ ಎಲೆಗಳನ್ನು ಇಳಿಬಿಟ್ಟುಕೊಂಡು ಮೂಲಂಗಿಗಳೇ ಕೂತಿದ್ದವು.

ನಮ್ಮದು ಬಸ್ ಡಿಪೋ ಎದುರಿನ ಕ್ಯಾಂಟೀನು. ಅಪ್ಪ ಕಟ್ಟಿದ್ದು. ಅಪ್ಪ ಹೋದ ಮೇಲೆ ಗಲ್ಲಾ ಅಣ್ಣನದು, ಒಲೆ ನನ್ನದು ಎಂದಾಯಿತು. ಯಾರೂ ಕೂತು ಹಂಚಿದ್ದಲ್ಲ. ಅವನಿಗೆ ಉಪ್ಪು ಎಷ್ಟು ಹಾಕಬೇಕೆಂದು ತಿಳಿಯದು, ನನಗೆ ಗಿರಾಕಿಗಳ ಎದುರು ಹಲ್ಲು ಕಿರಿಯಲು ಬಾರದು. ಅಮ್ಮ ಅಣ್ಣನ ಜೊತೆ ಕ್ಯಾಂಟೀನಿನ ಮಹಡಿಯಲ್ಲಿ ಇದ್ದಾಳೆ. ನಾನು ನಮ್ಮನೆಯವರ ಜೊತೆ ಹಿಂದಿನ ಬೀದಿಯಲ್ಲಿದ್ದೇನೆ. ನಮ್ಮನೆಯವರು ಡಿಪೋದಲ್ಲಿ ಮೆಕ್ಯಾನಿಕ್. ಬಸ್ಸಿನ ಇಂಜಿನ್ನಿನ ಜೊತೆ ಗಂಟೆಗಟ್ಟಲೆ ಮಾತಾಡುತ್ತಾರೆ, ಮನೆಯಲ್ಲಿ ಹೂಂ ಎನ್ನುತ್ತಾರೆ.

ಹೊಳೆ ಉಕ್ಕಿ ಬಂದಾಗ ಊರು ಕಂಡ ಪಾಡು ಈಗ ನೆನೆದರೆ ನಗು ಬರುತ್ತದೆ, ಆಗ ಬರಲಿಲ್ಲ. ನಮ್ಮ ಊರಿನ ಅಂಗಡಿಗಳಿಗೆಲ್ಲ ತರಕಾರಿ ಬರುತ್ತಿದ್ದದ್ದು ಸೇತುವೆಯಾಚೆ ಇರುವ ದೊಡ್ಡ ಗೋದಾಮಿನಿಂದ. ಸೇತುವೆ ಕೊಚ್ಚಿಹೋಯಿತು. ಲಾರಿಗಳು ಆ ದಡದಲ್ಲಿ, ನಾವು ಈ ದಡದಲ್ಲಿ. ಅಂಗಡಿಗಳಲ್ಲಿ ಉಳಿದದ್ದು ಸೋಪು ಮತ್ತು ಬಲ್ಬು. ಕ್ಯಾಂಟೀನಿನ ಒಳಗೆ ಎದೆಮಟ್ಟ ನೀರು. ಡಿಪೋ ಕಟ್ಟಡದ ಮಹಡಿಯಲ್ಲಿ ಹಳೆ ಟೈರು ತುಂಬಿಡುವ ಉದ್ದನೆಯ ಕೋಣೆಯೊಂದಿದೆ. ಟೈರುಗಳನ್ನು ಒಂದು ಮೂಲೆಗೆ ಉರುಳಿಸಿ ಅಲ್ಲೇ ಒಲೆ ಹೂಡಿದೆ. ಬೇಯಿಸಲು ಏನೂ ಇರಲಿಲ್ಲ.

ಆಗ ಬಂದವರು ದಂಡೆಯವರು. ಹೊಳೆಯ ಈ ಬದಿಯಲ್ಲಿ, ಊರಿನ ಕೆಳಗೆ ಉದ್ದಕ್ಕೂ ಸಣ್ಣ ಸಣ್ಣ ತರಕಾರಿ ಹೊಲಗಳಿವೆ. ಅಮ್ಮನ ತವರು ಅದೇ. ಮೊದಲು ಮುಳುಗಿದ್ದು ಅವರ ಮನೆಗಳೇ. ಆದರೂ ಅಟ್ಟದ ಮೇಲಿದ್ದ ಗೆಣಸು, ಈರುಳ್ಳಿ, ಕಾಳು, ಕೋಳಿ, ಕೈಗೆ ಸಿಕ್ಕಿದ್ದನ್ನೆಲ್ಲ ದೋಣಿಗೆ ತುಂಬಿಕೊಂಡು ಬಂದರು. ಊರು ಅಷ್ಟು ದಿನ ಉಂಡದ್ದು ಅದನ್ನೇ. ಡ್ರೈವರುಗಳು ಬಸ್ಸು ಬಿಟ್ಟು ಗೆಣಸು ಹೆಚ್ಚಿದರು. ಅಣ್ಣ ಭಾಷಣ ಮಾಡಿ ಮಾತು ಕೊಟ್ಟದ್ದು ಆಗಲೇ. ಅವತ್ತು ಅವನು ಸುಳ್ಳು ಹೇಳಲಿಲ್ಲ. ಹೊಟ್ಟೆ ತುಂಬಿದಾಗ ಅವನು ಬಹಳ ಒಳ್ಳೆಯವನು.

ನೀರು ಇಳಿಯಿತು. ಹೊಲಗಳ ಮೇಲೆ ಮೊಣಕಾಲುದ್ದ ಮೆಕ್ಕಲು ಮಣ್ಣು ಕೂತಿತ್ತು. ಅಧಿಕಾರಿಗಳು ಬರುವುದಕ್ಕೆ ಮುಂಚೆ ಇಟ್ಟಿಗೆ ಗೂಡಿನ ಸಾಹುಕಾರ ಬಂದ. ಮೆಕ್ಕಲನ್ನು ನಾನೇ ಕೆರೆದು ಒಯ್ಯುತ್ತೇನೆ, ಕೈಗೆ ದುಡ್ಡೂ ಕೊಡುತ್ತೇನೆ ಎಂದ. ಅವನ ಯಂತ್ರ ಮೆಕ್ಕಲಿಗೇ ನಿಲ್ಲುವುದಿಲ್ಲ, ಅಡಿಯ ಮಣ್ಣನ್ನೂ ಬಾಚಿ ಗುಂಡಿ ಮಾಡಿ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಒಂದು ಬೆಳೆ ಬೆಳೆದು ನೋಡುತ್ತೇವೆ, ಕ್ಯಾಂಟೀನಿನವರು ಕೊಳ್ಳುತ್ತಾರಂತೆ, ಬೆಳೆ ಮಾರಿ ಹೋಗದಿದ್ದರೆ ಮಣ್ಣು ನಿನ್ನದೇ ಎಂದು ದಂಡೆಯವರು ಅವನನ್ನು ಕಳಿಸಿದ್ದರು.

ಆ ಒಂದು ಬೆಳೆಯೇ ಈಗ ಅಪ್ಪನ ಕುರ್ಚಿಯಲ್ಲಿ ಕೂತಿದ್ದದ್ದು.

ಬೈದು ಬರೋಣವೆಂದು ದಂಡೆಗೆ ಹೋದೆ. ಹೋಗುವಾಗ ದಾರಿಯುದ್ದಕ್ಕೂ ಬೈಗುಳವನ್ನು ಬಾಯಿಪಾಠ ಮಾಡಿಕೊಂಡೇ ಹೋದೆ. ಕಟ್ಟೆ ಏರಿ ನೋಡಿದರೆ ಕಣ್ಣು ಹಾಯುವಷ್ಟು ದೂರ ಒಂದೇ ಎಲೆ. ಬದನೆ ಇಲ್ಲ, ಹುರುಳಿಕಾಯಿ ಇಲ್ಲ, ಒಂದು ಹಿಡಿ ಸೊಪ್ಪಿಲ್ಲ. ಮೆತ್ತನೆಯ ಮೆಕ್ಕಲಿನಲ್ಲಿ ಮೂಲಂಗಿಗಳು ಎದ್ದು ನಿಂತು, ಬೆಳ್ಳಗೆ ಭುಜ ತೋರಿಸುತ್ತಿದ್ದವು. ಅಂಥ ಮೂಲಂಗಿಯನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಬೈಗುಳ ಅರ್ಧ ಮರೆತುಹೋಯಿತು.

ಚಿಕ್ಕಮ್ಮ ತನ್ನ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕೀಳುತ್ತಿದ್ದಳು. ಅಮ್ಮನ ಒಡಹುಟ್ಟಿದ ತಂಗಿ. ದಿನಾ ಬೆಳಗ್ಗೆ ಕ್ಯಾಂಟೀನಿಗೆ ಬುಟ್ಟಿ ಹೊತ್ತು ತರುವವಳು ಅವಳೇ.

"ಚಿಕ್ಕಮ್ಮ, ನಿಮಗೇನಾದ್ರೂ ಬುದ್ಧಿ ಇದೆಯಾ? ಒಬ್ಬರನ್ನೊಬ್ಬರು ಕೇಳಿ ಬಿತ್ತಬಾರದಾ?"

"ನನ್ನನ್ನ ಯಾಕೆ ಕೇಳ್ತೀಯಾ? ಆ ಪಕ್ಕದವಳನ್ನ ಕೇಳು. ನನ್ನ ನೋಡ್ಕೊಂಡು ಬಿತ್ತಿದಾಳೆ ಕಳ್ಳಿ."

ಪಕ್ಕದ ಹೊಲದವಳು ಬೇಲಿಯಾಚೆಯಿಂದ ತಲೆ ಎತ್ತಿದಳು. "ಯಾರೇ ಕಳ್ಳಿ? ನಿನ್ನದು ಮೊಳಕೆ ಒಡೆಯೋಕೆ ಮುಂಚೆ ನನ್ನದು ಎರಡೆಲೆ ಬಿಟ್ಟಿತ್ತು!"

"ಬಿಟ್ಟಿರುತ್ತೆ, ಬಿಟ್ಟಿರುತ್ತೆ. ನಾಲಿಗೆಯೂ ಹಂಗೇ ಉದ್ದ ಬಿಟ್ಟಿದೆ."

ದಂಡೆಯಲ್ಲಿ ಯಾರ ಜೊತೆ ಯಾರಿಗೂ ಮಾತಿಲ್ಲ ಎಂದು ಆಗ ತಿಳಿಯಿತು. ಪ್ರತಿಯೊಬ್ಬಳೂ ಮೂಲಂಗಿ ತನ್ನೊಬ್ಬಳದೇ, ಉಳಿದವರೆಲ್ಲ ಕದ್ದು ನೋಡಿ ಬಿತ್ತಿದವರು ಎಂದು ಮುಖ ಊದಿಸಿಕೊಂಡಿದ್ದಳು. ಬೀಜ ಎಲ್ಲಿಂದ ಬಂತು ಎಂದು ಕೇಳಿದರೆ ಮಾತ್ರ ಎಲ್ಲರ ಬಾಯಿಗೂ ಬೀಗ. ನೆರೆ ಪರಿಹಾರದವರು ಕೊಟ್ಟ ಬೀಜದ ಪೊಟ್ಟಣಗಳು, ಅಂದರೆ ಬದನೆ, ಬೆಂಡೆ, ಹುರುಳಿಕಾಯಿಯ ಬಣ್ಣದ ಚಿತ್ರವಿರುವವು, ಒಡೆಯದೆ ಕಿಟಕಿಗಳಲ್ಲಿ ಕೂತಿದ್ದವು.

ನಾನು ಒಂದು ಮೂಲಂಗಿ ಕಿತ್ತು ಒರೆಸಿ ನೋಡಿದೆ. ಬೆಳ್ಳಗಿನ ಮೈ, ಕುತ್ತಿಗೆಯ ಬಳಿ ಮಾತ್ರ ಯಾರೋ ಕೆನ್ನೆ ಚಿವುಟಿದಂತೆ ಗುಲಾಬಿ ಬಣ್ಣ. ಈ ಜಾತಿ ಅಂಗಡಿಯಲ್ಲಿ ಸಿಗುವುದಲ್ಲ. ನಮ್ಮ ಮಹಡಿಯ ತೊಲೆಗೆ ಅಮ್ಮ ನೇತುಹಾಕಿದ ಹಾಲಿನಪುಡಿ ಡಬ್ಬಿಯಲ್ಲಿ ಮಾತ್ರ ಇದರ ಬೀಜ ಇರುವುದು.

"ಚಿಕ್ಕಮ್ಮ, ಇದು ಅಮ್ಮ ಕೊಟ್ಟ ಬೀಜ ಅಲ್ವಾ?"

ಚಿಕ್ಕಮ್ಮ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಯಾರಿಗೂ ಹೇಳಬೇಡ ಮಗಳೇ. ಅಕ್ಕ ನನಗೊಬ್ಬಳಿಗೇ ಕೊಟ್ಟದ್ದು."

ನಾನು ಜೋರಾಗಿ ನಕ್ಕುಬಿಟ್ಟೆ. ಬೇಲಿಯಾಚೆಯವಳ ಮುಖ ನೋಡಬೇಕಿತ್ತು. ಪಿಸುಮಾತೂ ಅವಳ ಕಿವಿಗೆ ಬಿದ್ದಿತ್ತು. "ನಿನಗೊಬ್ಬಳಿಗೇ? ಹಿತ್ತಲ ಬಾಗಿಲಿಗೆ ಕರೆದು, ಸೆರಗಿನ ಮರೆಯಲ್ಲಿ ಕೊಟ್ಟು, ನಿನ್ನಕ್ಕ ನನಗೂ ಹಂಗೇ ಅಂದ್ರಲ್ಲೇ!"

ಮಾತು ಒಂದು ಹೊಲದಿಂದ ಇನ್ನೊಂದಕ್ಕೆ ಓಡಿತು. ಸ್ವಲ್ಪ ಹೊತ್ತಿಗೆ ದಂಡೆಯ ಹೆಂಗಸರೆಲ್ಲ ಕಟ್ಟೆಯ ಮೇಲೆ ನಿಂತು ಒಬ್ಬರನ್ನೊಬ್ಬರು ಬೈಯುವುದು ಬಿಟ್ಟು ಒಟ್ಟಾಗಿ ನಮ್ಮಮ್ಮನನ್ನು ಬೈಯತೊಡಗಿದರು. ಮಾತು ಬಿಟ್ಟವರನ್ನು ಕೂಡಿಸುವುದರಲ್ಲಿ ಅಮ್ಮ ಎತ್ತಿದ ಕೈ.

ಆದರೆ ಚಿಕ್ಕಮ್ಮ ನಗಲಿಲ್ಲ. "ಮೂಲಂಗಿ ಕಾಯಲ್ಲ ಮಗಳೇ. ಈ ವಾರ ಕೀಳದಿದ್ರೆ ಒಳಗೆಲ್ಲ ಬೆಂಡಾಗುತ್ತೆ, ದನವೂ ಮೂಸಲ್ಲ. ಸಾಹುಕಾರ ಸಂತೆ ದಿನ ಯಂತ್ರ ತರ್ತಾನಂತೆ. ಅರ್ಧ ಜನ ಹೂಂ ಅಂದಾಗಿದೆ. ಸುತ್ತ ಎಲ್ಲರೂ ಗುಂಡಿ ತೋಡಿಸಿದ ಮೇಲೆ ನಾನೊಬ್ಬಳು ನಡುವೆ ದಿಬ್ಬ ಇಟ್ಕೊಂಡು ಏನು ಮಾಡ್ಲಿ? ಮುಂದಿನ ಮಳೆಗೆ ಅದೂ ಕುಸಿಯುತ್ತೆ."

ಕ್ಯಾಂಟೀನಿಗೆ ಬಂದು ಮಹಡಿ ಮೆಟ್ಟಿಲ ಕೆಳಗಿನಿಂದಲೇ ಶುರು ಮಾಡಿದೆ. "ಅಮ್ಮಾ! ಒಡಹುಟ್ಟಿದ ತಂಗಿಗೂ ಸುಳ್ಳು ಹೇಳಿದೀಯಲ್ಲ!"

ಅಮ್ಮ ಕಿಟಕಿ ಬಳಿ ಕೂತು ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಸುಳ್ಳಲ್ಲ. ಕೊಡುವಾಗ ಅವಳೊಬ್ಬಳೇ ಇದ್ದಳು."

"ಎಲ್ಲರಿಗೂ ಕೊಡ್ತಿದೀನಿ ಅಂತ ಹೇಳಿ ಕೊಡೋಕೇನು ರೋಗ?"

"ಹಂಗೆ ಹೇಳಿ ಕೊಟ್ಟ ಬೀಜ ಎಲ್ಲಿದೆ? ಚಿತ್ರ ಹಾಕಿ, ಮೈಕ್ ಹಿಡಿದು ಹಂಚಿದ್ರಲ್ಲ, ಅದು?"

"ಕಿಟಕೀಲಿದೆ."

"ನಾನು ಕೊಟ್ಟದ್ದು?"

ಅಮ್ಮ ಬೇಳೆಯ ಮೊರವನ್ನು ಪಕ್ಕಕ್ಕಿಟ್ಟಳು. "ಮನೆ ಮುಳುಗಿ ಕೂತವರಿಗೆ ಬಿತ್ತೋಕೆ ಮನಸ್ಸು ಬರಲ್ಲ ಕಣೇ. ನಿನಗೊಬ್ಬಳಿಗೇ ಅಂದ್ರೆ ಒಂದಿಷ್ಟು ಹುರುಪು ಬರುತ್ತೆ. ಪಕ್ಕದವಳಿಗಿಂತ ಮುಂಚೆ ಬಿತ್ತಬೇಕು ಅಂತ ಎದ್ದು ಹೋಗ್ತಾಳೆ. ನನ್ನ ಅಮ್ಮನೂ ಹಂಗೇ ಕೊಡ್ತಿದ್ಳು."

"ಬೇರೆ ಬೇರೆ ಬೀಜ ಕೊಡಬಹುದಿತ್ತಲ್ಲ?"

"ಡಬ್ಬೀಲಿ ಇದ್ದದ್ದು ಮೂಲಂಗಿ. ಇಲ್ಲದ್ದನ್ನ ನಿಮ್ಮಪ್ಪ ಮೇಲಿಂದ ಕಳಿಸ್ತಾನಾ?"

ಅಣ್ಣ ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ, ಸುಮ್ಮನೆ ಕೂತ. ಅದು ಇನ್ನೂ ಕೆಟ್ಟದ್ದು. ಮೇಜು ಗುದ್ದುವ ಅಣ್ಣನ ಜೊತೆ ನಾನು ಎಷ್ಟು ಬೇಕಾದರೂ ಬಡಿದಾಡಬಲ್ಲೆ, ಸುಮ್ಮನೆ ಕೂತ ಅಣ್ಣನ ಜೊತೆ ಆಗುವುದಿಲ್ಲ.

"ಹೊಸ ಸೇತುವೆ ಆಯ್ತು. ಗೋದಾಮಿನವನು ಬಂದಿದ್ದ" ಎಂದ. "ದಿನಾ ಬೆಳಗ್ಗೆ ವ್ಯಾನ್ ಕಳಿಸ್ತಾನಂತೆ. ತೊಳೆದು, ಹೆಚ್ಚಿ, ಚೀಲ ಕಟ್ಟಿ. ಆದರೆ ಎಲ್ಲಾ ಅವನಿಂದಲೇ ತಗೋಬೇಕು. ಬೇರೆಯವರದ್ದು ಒಂದು ಸೊಪ್ಪಿನ ಕಟ್ಟು ಒಳಗೆ ಬಂದ್ರೂ ವ್ಯಾನ್ ನಿಲ್ಲಿಸ್ತಾನೆ."

"ನೀನು ಏನಂದೆ?"

"ಈ ವಾರ ಯೋಚನೆ ಮಾಡಿ ಹೇಳ್ತೀನಿ ಅಂದೆ. ಡಿಪೋ ಮ್ಯಾನೇಜರು ನನ್ನನ್ನ ಕರೆದು, ಹಿಂಗೇ ಆದ್ರೆ ಡಿಪೋ ಒಳಗೇ ಬೇರೆ ಕ್ಯಾಂಟೀನ್‌ನವರನ್ನ ತರಬೇಕಾಗುತ್ತೆ ಅಂದ್ರು. ಅಪ್ಪ ಕಟ್ಟಿದ್ದು ಕಣೇ ಇದು. ಕೆಸರು ಬಾಚಿ ಬಾಚಿ ನನ್ನ ಬೆನ್ನು ಇನ್ನೂ ನೆಟ್ಟಗಾಗಿಲ್ಲ. ಮೂಲಂಗಿಗೋಸ್ಕರ ಬಾಗಿಲು ಹಾಕ್ಲಾ?"

ಅವನದೂ ತಪ್ಪಲ್ಲ. ತಪ್ಪಲ್ಲದವರ ಜೊತೆ ಜಗಳವಾಡುವಷ್ಟು ಕಷ್ಟ ಇನ್ನೊಂದಿಲ್ಲ.

ಮರುದಿನ ಮಧ್ಯಾಹ್ನದ ಊಟದ ಹೊತ್ತು. ಡ್ರೈವರುಗಳ ಮೇಜಿನಲ್ಲಿ ಹಾರ್ನಣ್ಣ ಕೂತಿದ್ದ. ಖಾಲಿ ರಸ್ತೆಯಲ್ಲೂ ಹಾರ್ನ್ ಒತ್ತುವವನಾದ್ದರಿಂದ ಆ ಹೆಸರು. ಊಟಕ್ಕೆ ಕೂತರೂ ಅವನ ದನಿ ಹಾರ್ನಿಗಿಂತ ಕಡಿಮೆಯಿಲ್ಲ.

"ಏ ತಂಗೀ! ಬಾ ಇಲ್ಲಿ. ಇದೇನು?"

"ತರಕಾರಿ."

"ಇದಕ್ಕೆ ಹೆಸರಿಲ್ವಾ?"

"ನಿನ್ನೆ ಹೇಳಿದ್ನಲ್ಲ."

"ನಿನ್ನೆ ಹೇಳಿದೆ, ಮೊನ್ನೆ ಹೇಳಿದೆ. ನನ್ನ ಹೊಟ್ಟೆ ಗೇರ್ ಬದಲಿಸಿದ ಹಾಗೆ ಸದ್ದು ಮಾಡ್ತಿದೆ ತಾಯೀ. ಬಸ್ಸಲ್ಲಿ ನನ್ನ ಹಿಂದಿನ ಸೀಟು ಖಾಲಿ. ಮೊದಲು ಅದಕ್ಕೆ ಜನ ಹೊಡೆದಾಡ್ತಿದ್ರು!"

ಇಡೀ ಮೇಜು ಹೋ ಎಂದು ನಕ್ಕಿತು. ಗಲ್ಲಾದಲ್ಲಿ ಅಣ್ಣ ನನ್ನ ಕಡೆ ನೋಡಿದ, ಕಂಡೆಯಾ ಎನ್ನುವ ಹಾಗೆ. ನನಗೆ ಎಲ್ಲಿತ್ತೋ ಸಿಟ್ಟು. ಸೌಟು ಹಿಡಿದೇ ಮೇಜಿನ ಹತ್ತಿರ ಹೋದೆ.

"ತಿನ್ನೋಕಾಗದಿದ್ರೆ ಹೊತ್ಕೊಂಡು ಹೋಗು! ನಿನ್ನ ಬಸ್ಸಿನ ತಲೆ ಮೇಲೆ ಹಾಕ್ಕೊಂಡು ಎಲ್ಲಾದ್ರೂ ದೂರ ಸುರಿದು ಬಾ! ಗೆಣಸು ಹೆಚ್ಚುವಾಗ ಕೈ ಮುಗೀತಿದ್ದೆ, ಈಗ ನಾಲಿಗೆಗೆ ರುಚಿ ಬಂತಾ?"

ನಗು ನಿಂತಿತು. ಹಾರ್ನಣ್ಣ ತಟ್ಟೆಯ ಹೋಳುಗಳನ್ನು ಬೆರಳಲ್ಲಿ ಪಕ್ಕಕ್ಕೆ ಸರಿಸಿದ. ನಾನು ಅತಿ ಮಾಡಿದೆ ಅನ್ನಿಸಿತು, ಆದರೆ ಹಿಂದೆ ಸರಿಯುವ ಅಭ್ಯಾಸ ನನಗಿಲ್ಲ, ಸೌಟು ಹಿಡಿದುಕೊಂಡೇ ನಿಂತೆ.

"ಎಲ್ಲಾದ್ರೂ ಯಾಕೆ ಸುರೀಬೇಕು?" ಎಂದ ಅವನು, ಎಂದೂ ಕೇಳಿರದ ಸಣ್ಣ ದನಿಯಲ್ಲಿ. "ನಮ್ಮೂರಿಗೇ ಒಯ್ತೀನಿ. ನಾನು ರಾತ್ರಿ ಬಸ್ ನಿಲ್ಲಿಸೋದು ಅಲ್ಲೇ ಅಲ್ವಾ? ನಮ್ಮ ಗುಡ್ಡದಲ್ಲಿ ಈರುಳ್ಳಿ ಬಿಟ್ರೆ ಇನ್ನೇನೂ ಇಲ್ಲ ಈಗ. ರಾಶಿ ಬಿದ್ದಿದೆ. ನಮ್ಮನೆಯವಳು ಈರುಳ್ಳಿ ಕಂಡ್ರೆ ಅಳ್ತಾಳೆ, ಹೆಚ್ಚೋಕೂ ಮುಂಚೆ."

"ನಮ್ಮ ಕಡೆ ಆಲೂಗಡ್ಡೆ" ಎಂದ ಪಕ್ಕದವನು. "ಆಲೂಗಡ್ಡೆ ತಿಂದೂ ತಿಂದೂ ನನ್ನ ಮಕ್ಕಳು ಆಲೂಗಡ್ಡೆ ಥರಾನೇ ಆಗಿದಾರೆ."

"ನಮ್ಮಲ್ಲಿ ಬಾಳೆಕಾಯಿ."

"ಹುರುಳಿಕಾಯಿ ಬೇಕಾ, ಹುರುಳಿಕಾಯಿ?"

ಊಟ ತಣ್ಣಗಾಯಿತು, ಮೇಜು ಬಿಸಿಯಾಯಿತು. ಡಿಪೋದಿಂದ ಬಸ್ಸುಗಳು ದಿಕ್ಕುದಿಕ್ಕಿಗೆ ಹೋಗುತ್ತವೆ. ಸಂಜೆ ಹೋದ ಬಸ್ಸು ಬೆಳಗ್ಗೆ ವಾಪಸು ಬರುತ್ತದೆ, ಮೇಲೆ ಸಾಮಾನು ಹೇರುವ ಜಾಗ ಖಾಲಿ. ಇಷ್ಟು ವರ್ಷ ಎಲ್ಲರೂ ಈ ಮೇಜಿನಲ್ಲೇ ಕೂತು ಗೋದಾಮಿನ ತರಕಾರಿ ತಿಂದವರು. ತಮ್ಮ ತಮ್ಮ ಊರಿನಲ್ಲಿ ಏನು ಕೊಳೆಯುತ್ತಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡದ್ದು ಅದೇ ಮೊದಲು. ಸಂಜೆ ಮೂಲಂಗಿ ತರಿಸು, ಮ್ಯಾನೇಜರ ಹತ್ತಿರ ನಾವು ಮಾತಾಡುತ್ತೇವೆ ಎಂದು ಹೇಳಿ ಎದ್ದರು. ಏನು ಮಾತಾಡಿದರೋ. ಮೂಲಂಗಿ ವಾಸನೆ ಕ್ಯಾಂಟೀನಿನಿಂದ ತೊಲಗಬೇಕೋ ಬೇಡವೋ ಎಂದು ಕೇಳಿದರಂತೆ. ಮ್ಯಾನೇಜರು ಕೂಡಲೇ ಒಪ್ಪಿದರಂತೆ.

ಅವತ್ತು ಸಂಜೆ ಡಿಪೋ ನೋಡಬೇಕಿತ್ತು. ದಂಡೆಯವರೆಲ್ಲ ಗಾಡಿಗಳಲ್ಲಿ, ಸೈಕಲ್ಲುಗಳಲ್ಲಿ, ತಲೆಯ ಮೇಲೆ ಮೂಲಂಗಿ ಹೊತ್ತು ಬಂದರು. ಮಣ್ಣಿನ ಮೂಲಂಗಿ ಬಸ್ಸಿನ ಮೇಲೆ ಬೇಡ ಎಂದ ಕಂಡಕ್ಟರೊಬ್ಬ. ನಮ್ಮನೆಯವರು ಒಂದು ಮಾತೂ ಆಡದೆ ಬಸ್ಸು ತೊಳೆಯುವ ದಪ್ಪ ಪೈಪು ಎಳೆದು ತಂದು ರಾಶಿಯ ಮೇಲೆ ನೀರು ಬಿಟ್ಟರು. ಮೂಲಂಗಿಗಳು ಫಳಫಳ ಹೊಳೆದವು, ಚಿಕ್ಕಮ್ಮ ಮತ್ತು ಅವಳ ಪಕ್ಕದ ಹೊಲದವಳು ತಲೆಯಿಂದ ಕಾಲಿನವರೆಗೆ ತೊಯ್ದರು. ಇಬ್ಬರೂ ಸೇರಿ ನಮ್ಮನೆಯವರನ್ನು ಅಟ್ಟಿಸಿಕೊಂಡು ಹೋದರು.

"ಈ ಚೀಲ ನನ್ನದು, ಗುಡ್ಡದ ಬಸ್ಸಿಗೆ ಹಾಕಿ!" "ನನ್ನದೂ ಗುಡ್ಡಕ್ಕೆ! ಅವಳದ್ದಕ್ಕಿಂತ ಮೇಲೆ!" "ಮೇಲೆ ಇಟ್ರೆ ಗಾಳಿಗೆ ಬಾಡುತ್ತೆ ಕಣೇ ಪೆದ್ದಿ!" "ಹಂಗಾದ್ರೆ ಕೆಳಗೆ!"

ಕೊನೆಯ ಬಸ್ಸು ಹೊರಟಾಗ ಹಾರ್ನಣ್ಣ ರಸ್ತೆ ತುದಿಯವರೆಗೂ ಹಾರ್ನ್ ಒತ್ತಿಕೊಂಡೇ ಹೋದ. ಅವತ್ತು ಯಾರೂ ಅವನನ್ನು ಬೈಯಲಿಲ್ಲ.

ಬೆಳಗ್ಗೆ ಒಂದೊಂದೇ ಬಸ್ಸು ಒಳಗೆ ಬಂತು. ಈರುಳ್ಳಿ ಇಳಿಯಿತು. ಆಲೂಗಡ್ಡೆ ಇಳಿಯಿತು. ಬಾಳೆಕಾಯಿ, ಹುರುಳಿಕಾಯಿ, ಯಾರದೋ ಅತ್ತೆ ಕಳಿಸಿದ ಬೆಳ್ಳುಳ್ಳಿ ಇಳಿಯಿತು. ಪೂರ್ವದ ಕಡೆಯ ಡ್ರೈವರೊಬ್ಬ ಮಾತ್ರ ಹೆಗಲು ಬಾಗಿಸಿಕೊಂಡು ಇಳಿದ. ಅವನೂರಿನಲ್ಲೂ ಈ ಸಲ ಮೂಲಂಗಿಯೇ ಹೇರಳವಂತೆ. ಒಯ್ದದ್ದನ್ನೂ ವಾಪಸು ತಂದಿದ್ದ, ಅತ್ತೆಮನೆಯವರು ಬೇಡವೆಂದರೂ ಬಿಡದೆ ಹೇರಿದ್ದನ್ನೂ ತಂದಿದ್ದ. ಡಿಪೋದಲ್ಲಿ ಅಷ್ಟು ದೊಡ್ಡ ನಗು ನಾನು ಕೇಳಿಯೇ ಇಲ್ಲ.

ಆಸ್ಪತ್ರೆಯ ಅಡುಗೆಮನೆಯವರು ಬಂದು ಈರುಳ್ಳಿಯ ಪಾಲು ಒಯ್ದರು. ತಳ್ಳುಗಾಡಿಯವರು ಉಳಿದದ್ದನ್ನು ಬೀದಿಗಳಲ್ಲಿ ಮಾರಲು ಒಯ್ದರು, ಬಂದ ದುಡ್ಡು ದಂಡೆಗೆ ಹೋಯಿತು. ಸಂತೆ ದಿನ ಬರುವುದರೊಳಗೆ ಹೊಲಗಳಲ್ಲಿ ಬೀಜಕ್ಕೆ ಬಿಟ್ಟದ್ದು ಬಿಟ್ಟರೆ ಒಂದು ಮೂಲಂಗಿಯೂ ಇರಲಿಲ್ಲ. ಇಟ್ಟಿಗೆ ಸಾಹುಕಾರನ ಯಂತ್ರ ಕಟ್ಟೆಯವರೆಗೆ ಬಂದು, ಅಲ್ಲಿ ಚಿಕ್ಕಮ್ಮನ ಬಾಯಿಗೆ ಸಿಕ್ಕಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಆದರೆ ಸಾಹುಕಾರ ಹೋಗುವಾಗ ನಗುತ್ತಲೇ ಹೋದನಂತೆ. "ಒಂದು ಬೆಳೆ ಮಾರಿದೀರಿ. ನೋಡೋಣ, ಮುಂದಿನದನ್ನ ಯಾರು ಕೊಳ್ತಾರೆ ಅಂತ. ಕ್ಯಾಂಟೀನಿಗೆ ವ್ಯಾನ್ ಬರುತ್ತಂತಲ್ಲ?"

ಮುಂದಿನ ಬೆಳೆಯ ಮಾತುಕತೆ ಟೈರು ಕೋಣೆಯಲ್ಲಿ ನಡೆಯಿತು. ಯಾರು ಏನು ಬಿತ್ತಬೇಕೆಂದು ಈ ಸಲ ಎಲ್ಲರ ಎದುರೇ, ಗಂಟಲು ಹರಿಯುವ ಹಾಗೆ ಕೂಗಾಡಿ ತೀರ್ಮಾನ ಮಾಡಿದರು. ಬದನೆ ಯಾರಿಗೂ ಬೇಡ, ಬೆಂಡೆ ಎಲ್ಲರಿಗೂ ಬೇಕು. ಪ್ರತಿ ಬೀಜದಲ್ಲೂ ಒಂದು ಪಾಲನ್ನು ಡ್ರೈವರುಗಳು ಗುಡ್ಡದ ಮೇಲಿನ, ದೂರದ ತಮ್ಮ ತಮ್ಮ ಮನೆಗಳಲ್ಲಿ ಇಡುವುದೆಂದಾಯಿತು. ಹೊಳೆ ಮತ್ತೆ ಬಂದು ದಂಡೆಯನ್ನೆಲ್ಲ ತೊಳೆದರೂ ಬೀಜ ಒಂದೇ ಡಬ್ಬಿಯಲ್ಲಿ ಇರಬಾರದು ಎಂದಳು ಚಿಕ್ಕಮ್ಮ, ಅಮ್ಮನ ಕಡೆ ನೋಡುತ್ತಾ. ಅಮ್ಮ ಮೂಗು ಮುರಿದಳು. "ಹಿಂಗೆ ಎಲ್ಲರ ಎದುರು ಹಂಚಿದ್ರೆ ಒಬ್ಬರೂ ಬಿತ್ತಲ್ಲ, ಬರೆದಿಟ್ಕೊಳ್ಳಿ." ಆಮೇಲೆ ಮೆಟ್ಟಿಲ ಬಳಿ ಒಬ್ಬೊಬ್ಬಳನ್ನೇ ಕರೆದು ಏನೋ ಪಿಸುಗುಟ್ಟುತ್ತಿದ್ದಳು. ನಾನು ಕೇಳಲು ಹೋಗಲಿಲ್ಲ.

ಅಣ್ಣ ಆ ದಿನಗಳಲ್ಲಿ ಚೆನ್ನಾಗಿಯೇ ಇದ್ದ. ಈರುಳ್ಳಿ ಬಂದದ್ದಕ್ಕೆ ಗಿರಾಕಿಗಳ ಮುಂದೆ ತಾನೇ ಬೆಳೆದವನಂತೆ ಬೀಗಿದ. ಹಾಗಾಗಿ ವ್ಯಾನಿನ ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ಒಲೆಯ ಮೇಲೆ ಅನ್ನದ ದೊಡ್ಡ ಪಾತ್ರೆ ಕುದಿಯುತ್ತಿತ್ತು. ಮುಂಬಾಗಿಲಲ್ಲಿ ಬಿಳಿ ವ್ಯಾನೊಂದು ನಿಂತಿತು. ಟೋಪಿ ಹಾಕಿದ ಇಬ್ಬರು ತಣ್ಣನೆಯ ಪೆಟ್ಟಿಗೆಗಳನ್ನು ಇಳಿಸತೊಡಗಿದರು. ಹಿತ್ತಲ ಬಾಗಿಲಲ್ಲಿ ಚಿಕ್ಕಮ್ಮ ಹೊಸ ಬೆಳೆಯ ಮೊದಲ ಬೆಂಡೆಕಾಯಿ ಬುಟ್ಟಿ ಇಟ್ಟುಕೊಂಡು ನಿಂತಿದ್ದಳು. ಅಣ್ಣ ಎರಡು ಬಾಗಿಲುಗಳ ನಡುವೆ ನಿಂತಿದ್ದ.

"ಚಿಕ್ಕಮ್ಮ, ಇವತ್ತಿಂದ ಬೇಡ. ಬೇಜಾರು ಮಾಡ್ಕೋಬೇಡಿ. ಗಾಡಿಯವರಿಗೆ ಕೊಡಿ."

ಸಾಹುಕಾರನ ಯಂತ್ರವನ್ನು ಅಟ್ಟಿದ ಹೆಂಗಸು ಬುಟ್ಟಿಯ ಅಂಚನ್ನು ಸುಮ್ಮನೆ ಸವರುತ್ತಿದ್ದಳು.

"ನನ್ನನ್ನ ಒಂದು ಮಾತು ಕೇಳಿದೆಯಾ?" ಎಂದೆ ನಾನು.

"ಕೇಳಿದ್ರೆ ಕೂಗ್ತಿದ್ದೆ."

"ಈಗೇನು ಹಾಡ್ತೀನಾ?"

"ನೋಡು, ಬಸ್ಸಿನವರು ಇವತ್ತು ತರ್ತಾರೆ. ನಾಳೆ ಮ್ಯಾನೇಜರ್ ಬದಲಾದ್ರೆ? ಡ್ರೈವರಿಗೆ ರಜಾ ಬಂದ್ರೆ? ದಿನಾ ಏನು ಬರುತ್ತೆ ಅಂತ ಗೊತ್ತಿಲ್ಲದೆ ನಾನು ಕ್ಯಾಂಟೀನ್ ನಡೆಸೋಕಾಗಲ್ಲ. ವ್ಯಾನ್ ಹೇಳಿದ ಹೊತ್ತಿಗೆ ಬರುತ್ತೆ."

"ಸೇತುವೆ ಇರೋವರೆಗೆ."

"ಗಟ್ಟಿಯಾಗಿ ಕಟ್ಟಿದಾರೆ."

"ಹೋದ ಸಲದ್ದನ್ನ ಮೆತ್ತಗೆ ಕಟ್ಟಿದ್ರಾ?"

ಟೋಪಿಯವನೊಬ್ಬ ನಕ್ಕು, ಕೂಡಲೇ ನಗು ನುಂಗಿದ.

"ಅಣ್ಣ, ನಾವು ಕೊಳ್ಳದಿದ್ರೆ ಆಸ್ಪತ್ರೆಯವರೂ ವ್ಯಾನ್ ಕರೀತಾರೆ. ಆಮೇಲೆ ದಂಡೆಯವರು ಯಾರಿಗೆ ಬೆಳೀಬೇಕು? ಅಲ್ಲಿ ಗುಂಡಿ ಬೀಳುತ್ತೆ. ಗುಂಡಿಯಲ್ಲಿ ಬೆಂಡೆಕಾಯಿ ಬೆಳೆಯಲ್ಲ."

"ಊರಿನ ಹೊಟ್ಟೆಯೆಲ್ಲ ನಮ್ಮ ತಲೆ ಮೇಲಾ? ಗಲ್ಲಾ ನನ್ನದು. ತೀರ್ಮಾನ ಮಾಡಿದೀನಿ. ನೀನು ಬೇಯಿಸೋದು ನೋಡು."

ನಾನು ಅನ್ನದ ಪಾತ್ರೆಯ ಮುಚ್ಚಳ ತೆಗೆದು ಒಂದು ಅಗುಳು ಹಿಚುಕಿ ನೋಡಿದೆ. ನಡುವೆ ಇನ್ನೂ ಚೂರು ಗಟ್ಟಿ ಇತ್ತು. ಉರಿ ಸಣ್ಣ ಮಾಡಿದೆ. ಕೈ ಒರೆಸಿಕೊಂಡು ಸೌಟನ್ನು ಅವನ ಕೈಗೆ ಕೊಟ್ಟೆ.

"ಇನ್ನೊಂದು ಕುದಿ ಬರಬೇಕು. ಬಸಿಯುವಾಗ ಮುಚ್ಚಳ ಬಟ್ಟೆಯಲ್ಲಿ ಹಿಡ್ಕೋ, ಇಲ್ದಿದ್ರೆ ಕೈ ಸುಟ್ಕೋತೀಯ."

"ಎಲ್ಲಿಗೆ ಹೊರಟೆ?"

"ಬೇಯಿಸೋಕೆ."

ಚಿಕ್ಕಮ್ಮನ ಬುಟ್ಟಿಯ ಒಂದು ಕಿವಿ ನಾನು ಹಿಡಿದೆ, ಇನ್ನೊಂದು ಅವಳು ಹಿಡಿದಳು. ಹಿತ್ತಲಿನಿಂದ ಸುತ್ತಿ ರಸ್ತೆ ದಾಟಿ ಡಿಪೋ ಗೇಟಿಗೆ ಬಂದೆವು. ಮಹಡಿಯ ಕಿಟಕಿಯಿಂದ ಅಮ್ಮ, "ಉಪ್ಪು ತಗೊಂಡು ಹೋಗೇ, ಅಲ್ಲಿ ಉಪ್ಪಿಲ್ಲ!" ಎಂದು ಕೂಗುತ್ತಿದ್ದಳು. ಗೇಟಿನಲ್ಲಿ ನಮ್ಮನೆಯವರು ಕೈತುಂಬ ಗ್ರೀಸು ಮಾಡಿಕೊಂಡು ನಿಂತಿದ್ದರು. ಬುಟ್ಟಿ ನೋಡಿದರು, ನನ್ನ ಮುಖ ನೋಡಿದರು. ಹೂಂ ಎಂದು ಟೈರು ಕೋಣೆಯ ಬೀಗ ತೆಗೆಯಲು ಮೆಟ್ಟಿಲು ಹತ್ತಿದರು. ಹಾರ್ನಣ್ಣ ಬಸ್ಸಿನಿಂದ ತಲೆ ಹೊರಹಾಕಿ, "ಮಧ್ಯಾಹ್ನ ಊಟ ಎಲ್ಲಿ ತಂಗೀ, ಅಲ್ಲೋ ಇಲ್ಲೋ?" ಎಂದ. ಇಲ್ಲೇ ಎಂದೆ.

ಅಣ್ಣ ಸೌಟು ಹಿಡಿದುಕೊಂಡೇ ಕ್ಯಾಂಟೀನಿನ ಬಾಗಿಲಿಗೆ ಬಂದು ನಿಂತಿದ್ದ. "ಸಂಜೆ ಬೇಗ ಬಾ!" ಎಂದು ರಸ್ತೆಯಾಚೆಯಿಂದ ಕೂಗಿದ. "ನಾಳೆಗೆ ಬೇಳೆ ನೆನೆಹಾಕಬೇಕು!"

ಸಂಜೆ ನಾನು ಬೇಳೆ ನೆನೆಹಾಕಿದೆ, ಟೈರು ಕೋಣೆಯಲ್ಲಿ.